ಗಡ್ಡೆಗೂ ಮೊದಲೇ ಗುರುತು ಕೊಡುವ ಯಕೃತ್ತಿನ ಕ್ಯಾನ್ಸರ್

ಜನಸಾಮಾನ್ಯರು ಲಿವರ್ ಕ್ಯಾನ್ಸರ್ ಎಂದು ಕರೆಯುವ ಕಾಯಿಲೆಯಲ್ಲಿ ಎರಡು ಬೇರೆ ಬೇರೆ ರೋಗಗಳು ಸೇರಿಕೊಂಡಿವೆ. ದೊಡ್ಡಕರುಳು, ಜಠರ, ಸ್ತನ ಅಥವಾ ಶ್ವಾಸಕೋಶದಲ್ಲಿ ಹುಟ್ಟಿದ ಕ್ಯಾನ್ಸರ್ ರಕ್ತದ ಮೂಲಕ ಹರಿದುಬಂದು ಯಕೃತ್ತಿನಲ್ಲಿ ನೆಲೆಯೂರಿದರೆ ಅದನ್ನು ವೈದ್ಯರು ದ್ವಿತೀಯಕ ಕ್ಯಾನ್ಸರ್ ಎನ್ನುತ್ತಾರೆ. ಯಕೃತ್ತಿನ ಸ್ವಂತ ಜೀವಕೋಶಗಳೇ ಅಂಕೆ ಮೀರಿ ಬೆಳೆದು ಗಡ್ಡೆಯಾದರೆ ಅದು ಪ್ರಾಥಮಿಕ ಕ್ಯಾನ್ಸರ್. ಎರಡಕ್ಕೂ ಕಾರಣ ಬೇರೆ, ಚಿಕಿತ್ಸೆ ಬೇರೆ. ಈ ಲೇಖನದ ವಸ್ತು ಎರಡನೆಯದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಾದ್ಯಂತ ಸುಮಾರು 8.66 ಲಕ್ಷ ಮಂದಿಯಲ್ಲಿ ಈ ರೋಗ ಹೊಸದಾಗಿ ಕಾಣಿಸಿಕೊಂಡಿತು, ಸುಮಾರು 7.58 ಲಕ್ಷ ಮಂದಿ ಇದರಿಂದ ಸಾವನ್ನಪ್ಪಿದರು. ಹೊಸ ರೋಗಿಗಳ ಸಂಖ್ಯೆಗೂ ಸಾವಿನ ಸಂಖ್ಯೆಗೂ ಇಷ್ಟು ಕಡಿಮೆ ಅಂತರವಿರುವುದು, ರೋಗ ಪತ್ತೆಯಾಗುವ ಹೊತ್ತಿಗೆ ಬಹುಪಾಲು ಜನರಲ್ಲಿ ಗುಣಪಡಿಸುವ ಕಾಲ ಮೀರಿರುತ್ತದೆ ಎಂಬುದನ್ನು ತೋರಿಸುತ್ತದೆ.

ಆದರೆ ಈ ರೋಗಕ್ಕೆ ಬೇರೆ ಹಲವು ಕ್ಯಾನ್ಸರ್‌ಗಳಿಗೆ ಇಲ್ಲದ ಒಂದು ಲಕ್ಷಣವಿದೆ. ಇದು ಆರೋಗ್ಯವಂತ ಯಕೃತ್ತಿನಲ್ಲಿ ಹುಟ್ಟುವುದು ಅಪರೂಪ. ವೈರಸ್ಸು, ಮದ್ಯ ಅಥವಾ ಕೊಬ್ಬಿನಿಂದ ಹತ್ತಾರು ವರ್ಷ ಪೆಟ್ಟು ತಿಂದ ಯಕೃತ್ತೇ ಬಹುಮಟ್ಟಿಗೆ ಇದರ ನೆಲೆ. ಆದುದರಿಂದ ಯಾರಿಗೆ ಈ ಕ್ಯಾನ್ಸರ್ ಬರುವ ಸಂಭವ ಹೆಚ್ಚು ಎಂಬುದನ್ನು ಗಡ್ಡೆ ಹುಟ್ಟುವುದಕ್ಕೆ ಬಹಳ ಮೊದಲೇ, ಸಾಧಾರಣ ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್‌ನಿಂದ ಹೇಳಬಹುದು. ದಾವಣಗೆರೆ ಮತ್ತು ಹರಿಹರದಂಥ ಊರುಗಳ ಮಟ್ಟಿಗೆ ಈ ಮಾತಿಗೆ ವಿಶೇಷ ಬೆಲೆಯಿದೆ. ಯಕೃತ್ತಿನ ಕಸಿಗೆ ಇಲ್ಲಿನವರು ದೂರದ ಊರಿಗೆ ಹೋಗಬೇಕಾದೀತು. ಅಪಾಯದಲ್ಲಿರುವವರನ್ನು ಗುರುತಿಸುವ ಕೆಲಸಕ್ಕೆ ಬೇಕಾದ ಸೌಕರ್ಯ ಮಾತ್ರ ಊರೊಳಗೇ ಇದೆ.

ಅಂಗ ಮತ್ತು ಅದರ ರೋಗ

ಬಲಪಕ್ಕೆಲುಬುಗಳ ಕೆಳಗೆ ಅಡಗಿರುವ, ವಯಸ್ಕರಲ್ಲಿ ಒಂದೂಕಾಲರಿಂದ ಒಂದೂವರೆ ಕಿಲೋ ತೂಗುವ ಯಕೃತ್ತು ಆಹಾರದ ಸತ್ವವನ್ನು ಸಂಸ್ಕರಿಸುವ, ಪಿತ್ತರಸ ತಯಾರಿಸುವ, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ಒದಗಿಸುವ ಮತ್ತು ವಿಷವಸ್ತುಗಳನ್ನು ನಿರ್ವಿಷಗೊಳಿಸುವ ಅಂಗ. ಅದಕ್ಕೆ ಎರಡು ದಾರಿಗಳಿಂದ ರಕ್ತ ಬರುತ್ತದೆ: ಸುಮಾರು ಮುಕ್ಕಾಲು ಪಾಲು ಕರುಳಿನಿಂದ ಹೊರಟ ಪೋರ್ಟಲ್ ಅಭಿಧಮನಿಯ ಮೂಲಕ, ಉಳಿದ ಕಾಲು ಪಾಲು ಹೃದಯದ ಕಡೆಯಿಂದ ಬರುವ ಯಕೃತ್ ಅಪಧಮನಿಯ ಮೂಲಕ. ಈ ಇಬ್ಬಗೆಯ ರಕ್ತಪೂರೈಕೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಬರುವ ಪತ್ತೆಯ ವಿಧಾನವೂ ಒಂದು ಮುಖ್ಯ ಚಿಕಿತ್ಸೆಯೂ ಅದನ್ನೇ ಆಧರಿಸಿವೆ.

ಪ್ರಾಥಮಿಕ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 75ರಿಂದ 85ರಷ್ಟು ಯಕೃತ್ತಿನ ಮುಖ್ಯ ಜೀವಕೋಶಗಳಲ್ಲಿ ಹುಟ್ಟುವಂಥವು. ಇವನ್ನು ಹೆಪಟೋಸೆಲ್ಯುಲಾರ್ ಕಾರ್ಸಿನೋಮಾ ಎನ್ನುತ್ತಾರೆ. ನೂರಕ್ಕೆ 10ರಿಂದ 15ರಷ್ಟು ಯಕೃತ್ತಿನೊಳಗಿನ ಪಿತ್ತನಾಳಗಳಲ್ಲಿ ಹುಟ್ಟುತ್ತವೆ. ಚಿಕ್ಕ ಮಕ್ಕಳಲ್ಲಿ ಕಾಣುವ ಹೆಪಟೋಬ್ಲಾಸ್ಟೋಮಾ ಅಪರೂಪದ ಬೇರೊಂದು ಬಗೆ. ಮೊದಲನೆಯ ಬಗೆಯೇ ಅತ್ಯಂತ ವ್ಯಾಪಕವಾದುದು. ಹೆಂಗಸರಿಗಿಂತ ಗಂಡಸರಲ್ಲಿ ಎರಡು ಮೂರು ಪಟ್ಟು ಹೆಚ್ಚಾಗಿ ಕಾಣುವಂಥದು.

ಯಾವ ಕಾರಣದಿಂದಲೇ ಆಗಲಿ ಯಕೃತ್ತಿಗೆ ಗಾಯವಾದರೆ ಅದು ಹೊಸ ಜೀವಕೋಶಗಳನ್ನು ಬೆಳೆಸಿಕೊಂಡು ತಾನೇ ದುರಸ್ತಿಯಾಗುತ್ತದೆ. ಆದರೆ ಗಾಯ ವರ್ಷಗಟ್ಟಲೆ ನಿಲ್ಲದೆ ಮುಂದುವರಿದಾಗ ಮೆದುವಾದ ಅಂಗಾಂಶದ ಜಾಗದಲ್ಲಿ ನಾರಿನಂಥ ಗಟ್ಟಿ ಕಲೆ ಕೂಡುತ್ತ ಹೋಗಿ, ಆ ನಾರುಗಳ ನಡುವೆ ಉಳಿದ ಜೀವಕೋಶಗಳು ಗಂಟು ಗಂಟಾಗಿ ಬೆಳೆಯುತ್ತವೆ. ನಯವಾಗಿದ್ದ ಯಕೃತ್ತು ಉಬ್ಬುತಗ್ಗಾಗಿ, ಕುಗ್ಗಿ, ಗಡುಸಾಗುತ್ತದೆ. ಈ ಸ್ಥಿತಿಯೇ ಸಿರೋಸಿಸ್. ಅಲ್ಲಿ ಜೀವಕೋಶಗಳು ಸಾಯುವುದೂ ಮತ್ತೆ ಹುಟ್ಟುವುದೂ ಎಡೆಬಿಡದೆ ನಡೆಯುವುದರಿಂದ, ಪ್ರತಿ ವಿಭಜನೆಯಲ್ಲೂ ಡಿಎನ್‌ಎ ನಕಲಿನಲ್ಲಿ ತಪ್ಪುಗಳು ಸೇರಿಕೊಳ್ಳುವ ಅವಕಾಶ ಹೆಚ್ಚುತ್ತದೆ, ಆ ತಪ್ಪುಗಳು ಕೂಡಿಕೊಂಡ ಒಂದು ಗಂಟು ಒಂದು ದಿನ ಕ್ಯಾನ್ಸರ್ ಆಗುತ್ತದೆ. ಸಿರೋಸಿಸ್ ಇರುವ ನೂರು ಮಂದಿಯಲ್ಲಿ, ಅದರ ಕಾರಣಕ್ಕೆ ತಕ್ಕಂತೆ, ವರ್ಷಕ್ಕೆ ಒಬ್ಬರಿಂದ ಎಂಟು ಮಂದಿಗೆ ಈ ಕ್ಯಾನ್ಸರ್ ಬರಬಹುದೆಂದು ಅಧ್ಯಯನಗಳು ಹೇಳುತ್ತವೆ.

ಹೆಪಟೈಟಿಸ್ ಬಿ: ಮೌನವಾಗಿ ಉಳಿಯುವ ಸೋಂಕು

ಯಕೃತ್ತಿನ ಕ್ಯಾನ್ಸರ್‌ನ ಕಾರಣಗಳಲ್ಲಿ ಹೆಪಟೈಟಿಸ್ ಬಿ ವೈರಸ್ಸಿಗೆ ಮೊದಲ ಸ್ಥಾನ. ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್ 1960ರ ದಶಕದಲ್ಲಿ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಕಂಡ ಒಂದು ಪ್ರೋಟೀನು ಈ ವೈರಸ್ಸಿನ ಹೊರಕವಚದ ಭಾಗವೆಂದು ಮುಂದೆ ತಿಳಿಯಿತು. ಆ ಶೋಧಕ್ಕೆ 1976ರಲ್ಲಿ ನೊಬೆಲ್ ಪ್ರಶಸ್ತಿ ಬಂತು, ಬ್ಲಂಬರ್ಗ್ ಹುಟ್ಟಿದ ಜುಲೈ 28 ಇಂದು ವಿಶ್ವ ಹೆಪಟೈಟಿಸ್ ದಿನ. ಇಂದಿಗೂ ಪ್ರಯೋಗಾಲಯಗಳು ರಕ್ತದಲ್ಲಿ ಹುಡುಕುವುದು ಅದೇ ಪ್ರೋಟೀನನ್ನು; ವರದಿಯಲ್ಲಿ ಅದು ಎಚ್‌ಬಿಎಸ್‌ಎಜಿ ಎಂಬ ಹೆಸರಿನಲ್ಲಿ ಇರುತ್ತದೆ. ತೈವಾನಿನಲ್ಲಿ 22,707 ಪುರುಷರನ್ನು ವರ್ಷಗಟ್ಟಲೆ ಗಮನಿಸಿದ ಪಾಮರ್ ಬೀಸ್ಲಿ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ಸೋಂಕು ಉಳಿದುಕೊಂಡವರಲ್ಲಿ ಯಕೃತ್ತಿನ ಕ್ಯಾನ್ಸರ್‌ನ ಅಪಾಯ ಇಲ್ಲದವರಿಗಿಂತ ಇನ್ನೂರು ಪಟ್ಟಿಗೂ ಮಿಗಿಲು ಎಂದು ತೋರಿಸಿ, ವೈರಸ್ಸಿಗೂ ಕ್ಯಾನ್ಸರ್‌ಗೂ ಇರುವ ನಂಟನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಸ್ಥಾಪಿಸಿತು. ಈ ವೈರಸ್ಸು ತನ್ನ ಡಿಎನ್‌ಎ ತುಣುಕುಗಳನ್ನು ಯಕೃತ್ತಿನ ಜೀವಕೋಶದ ಡಿಎನ್‌ಎ ಒಳಗೇ ಸೇರಿಸಿಬಿಡಬಲ್ಲದಾದ್ದರಿಂದ, ಸಿರೋಸಿಸ್ ಇಲ್ಲದವರಲ್ಲೂ ಕ್ಯಾನ್ಸರ್ ತರಬಲ್ಲದು.

ಸೋಂಕು ಯಾವ ವಯಸ್ಸಿನಲ್ಲಿ ತಗಲಿತು ಎಂಬುದು ಇಲ್ಲಿ ನಿರ್ಣಾಯಕ. ಸೋಂಕಿರುವ ತಾಯಿಯಿಂದ ಹೆರಿಗೆಯ ಹೊತ್ತಿಗೆ ವೈರಸ್ಸು ಪಡೆದ ಶಿಶುಗಳಲ್ಲಿ ನೂರಕ್ಕೆ ಸುಮಾರು 90ರಲ್ಲಿ ಅದು ಜೀವನಪರ್ಯಂತ ಉಳಿಯುತ್ತದೆ; ವಯಸ್ಕರಾದ ಮೇಲೆ ಸೋಂಕು ತಗಲಿದವರಲ್ಲಿ ನೂರಕ್ಕೆ ಐವರಿಗಿಂತ ಕಡಿಮೆ ಮಂದಿಯಲ್ಲಿ ಮಾತ್ರ ಉಳಿಯುತ್ತದೆ. ಸೋಂಕಿತ ರಕ್ತ, ಸರಿಯಾಗಿ ಶುದ್ಧಿಮಾಡದ ಸೂಜಿ ಮತ್ತು ಉಪಕರಣ, ಒಬ್ಬರಿಂದೊಬ್ಬರಿಗೆ ಬಳಸಿದ ಕ್ಷೌರದ ಬ್ಲೇಡು, ಹಚ್ಚೆಯ ಸೂಜಿ, ಲೈಂಗಿಕ ಸಂಪರ್ಕ ಇವು ಹರಡುವಿಕೆಯ ದಾರಿಗಳು. ಒಂದೇ ಪಂಕ್ತಿಯಲ್ಲಿ ಊಟ ಮಾಡುವುದರಿಂದಾಗಲಿ, ತಬ್ಬಿಕೊಳ್ಳುವುದರಿಂದಾಗಲಿ, ಮಗುವನ್ನು ಎತ್ತಿಕೊಳ್ಳುವುದರಿಂದಾಗಲಿ ಅದು ಹರಡುವುದಿಲ್ಲ. ಆದಕಾರಣ ಸೋಂಕಿತರನ್ನು ಮನೆಯಲ್ಲಿ ಬೇರೆಯಾಗಿರಿಸುವುದು ಅನ್ಯಾಯವೂ ಹೌದು, ನಿರರ್ಥಕವೂ ಹೌದು.

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯು ಭಾರತದಲ್ಲಿ ಸುಮಾರು 2.98 ಕೋಟಿ ಮಂದಿ ಹೆಪಟೈಟಿಸ್ ಬಿ ಸೋಂಕಿನೊಂದಿಗೆ ಬದುಕುತ್ತಿದ್ದಾರೆಂದು ಅಂದಾಜು ಮಾಡಿದೆ. ಜಗತ್ತಿನಲ್ಲಿ ಈ ಸೋಂಕಿರುವವರ ಪೈಕಿ ತಮಗೆ ಅದಿದೆಯೆಂದು ಪರೀಕ್ಷೆಯಿಂದ ತಿಳಿದುಕೊಂಡವರು ನೂರಕ್ಕೆ 13 ಮಂದಿ ಮಾತ್ರ ಎಂಬುದೂ ಅದೇ ವರದಿಯಲ್ಲಿದೆ. ರಕ್ತದಾನಕ್ಕೆ ಹೋದಾಗ, ಗರ್ಭಿಣಿಯ ರಕ್ತ ತಪಾಸಣೆಯಲ್ಲಿ ಅಥವಾ ಯಾವುದೋ ಶಸ್ತ್ರಚಿಕಿತ್ಸೆಗೆ ಮುನ್ನ ಮಾಡಿಸುವ ಪರೀಕ್ಷೆಯಲ್ಲಿ ಆಕಸ್ಮಿಕವಾಗಿ ತಿಳಿದುಬರುವುದೇ ಹೆಚ್ಚು. ಹಾಗೆ ತಿಳಿದ ಮೇಲೂ ಆರೋಗ್ಯ ಚೆನ್ನಾಗಿದೆಯೆಂಬ ಕಾರಣಕ್ಕೆ ವರದಿಯನ್ನು ಬೀರುವಿನಲ್ಲಿಟ್ಟು ಮರೆಯುವವರು ಬಹಳ. ಇಂಥವರಿಗೆ ಔಷಧ ಕೂಡಲೇ ಬೇಕೇ ಎಂಬುದು ರಕ್ತದಲ್ಲಿನ ವೈರಸ್ಸಿನ ಪ್ರಮಾಣ ಮತ್ತು ಯಕೃತ್ತಿನ ಸ್ಥಿತಿಯನ್ನು ಅವಲಂಬಿಸಿದೆ; ಬೇಕಾದವರಿಗೆ ಟೆನೊಫೊವಿರ್ ಅಥವಾ ಎಂಟೆಕಾವಿರ್ ಎಂಬ ಮಾತ್ರೆ ದಿನಕ್ಕೊಂದು ಸಾಕು. ಅದು ವೈರಸ್ಸನ್ನು ಬೇರುಸಹಿತ ಕೀಳದಿದ್ದರೂ ಅಡಗಿಸಿಟ್ಟು, ಸಿರೋಸಿಸ್ ಮತ್ತು ಕ್ಯಾನ್ಸರ್ ಎರಡರ ಅಪಾಯವನ್ನೂ ಗಣನೀಯವಾಗಿ ತಗ್ಗಿಸುತ್ತದೆ.

ಕ್ಯಾನ್ಸರ್ ತಡೆದ ಲಸಿಕೆ

ಹೆಪಟೈಟಿಸ್ ಬಿ ಲಸಿಕೆ ಕ್ಯಾನ್ಸರ್ ತಡೆಗಟ್ಟಿದ ಮೊದಲ ಲಸಿಕೆ ಎನಿಸಿಕೊಂಡಿದೆ. 1984ರಲ್ಲಿ ಶಿಶುಗಳಿಗೆ ಲಸಿಕೆ ಹಾಕಲು ಆರಂಭಿಸಿದ ತೈವಾನಿನಲ್ಲಿ, ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಯಕೃತ್ತಿನ ಕ್ಯಾನ್ಸರ್ ಒಂದು ದಶಕದ ಅವಧಿಯಲ್ಲೇ ಲಕ್ಷಕ್ಕೆ 0.70ರಿಂದ 0.36ಕ್ಕೆ ಇಳಿಯಿತು. ಭಾರತದಲ್ಲಿ ಈ ಲಸಿಕೆ ಬಡವರ ಕೈಗೆಟುಕದಷ್ಟು ದುಬಾರಿಯಾಗಿದ್ದ ಕಾಲದಲ್ಲಿ, ಹೈದರಾಬಾದಿನ ಶಾಂತಾ ಬಯೊಟೆಕ್ನಿಕ್ಸ್ ಸಂಸ್ಥೆ 1997ರಲ್ಲಿ ದೇಶೀಯವಾಗಿ ತಯಾರಿಸಿದ ಶಾನ್‌ವ್ಯಾಕ್-ಬಿ ಬೆಲೆಯನ್ನು ಬಹುವಾಗಿ ತಗ್ಗಿಸಿತು. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ 2002ರ ಹೊತ್ತಿಗೆ ಪ್ರಾಯೋಗಿಕವಾಗಿ ಸೇರಿದ ಈ ಲಸಿಕೆಯನ್ನು 2007-08ರಲ್ಲಿ ಕರ್ನಾಟಕವೂ ಸೇರಿದಂತೆ ಹತ್ತು ರಾಜ್ಯಗಳಿಗೆ, 2011ರಲ್ಲಿ ದೇಶಕ್ಕೆಲ್ಲ ವಿಸ್ತರಿಸಲಾಯಿತು. ಈಗ ಮಗು ಹುಟ್ಟಿದ 24 ಗಂಟೆಯೊಳಗೆ ಒಂದು ಡೋಸು, ಆಮೇಲೆ 6, 10 ಮತ್ತು 14ನೇ ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆಯ ಭಾಗವಾಗಿ ಮೂರು ಡೋಸು ಉಚಿತವಾಗಿ ದೊರೆಯುತ್ತವೆ. ಮೊದಲ ದಿನದ ಆ ಡೋಸೇ ತಾಯಿಯಿಂದ ಮಗುವಿಗೆ ಸೋಂಕು ದಾಟುವುದನ್ನು ತಡೆಯುವಂಥದು. ಅದು ತಪ್ಪಿದರೆ ಆರನೇ ವಾರದ ಡೋಸು ಆ ಹಾನಿಯನ್ನು ತುಂಬಿಕೊಡಲಾರದು.

ಹೆಪಟೈಟಿಸ್ ಸಿ ವೈರಸ್ಸಿಗೆ ಲಸಿಕೆ ಇಲ್ಲವಾದರೂ ಅದರ ಕಥೆ ಇನ್ನೂ ಆಶಾದಾಯಕವಾಗಿದೆ. 1989ರಲ್ಲಿ ಗುರುತಿಸಲಾದ ಈ ವೈರಸ್ಸನ್ನು, 2013ರ ಕೊನೆಯಲ್ಲಿ ಬಂದ ಸೊಫೊಸ್ಬುವಿರ್ ಮತ್ತು ಅದರ ಜೊತೆಗಿನ ಮಾತ್ರೆಗಳು ಸಾಮಾನ್ಯವಾಗಿ ಹನ್ನೆರಡು ವಾರಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿಯಲ್ಲಿ ಪೂರ್ತಿಯಾಗಿ ನಿವಾರಿಸುತ್ತವೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದ ಅಡಿಯಲ್ಲಿ ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ, ಔಷಧ ಉಚಿತ.

ಮದ್ಯ, ಕೊಬ್ಬು, ಸಕ್ಕರೆ ಕಾಯಿಲೆ

ವೈರಸ್ಸಿನ ಪಾಲು ಕಡಿಮೆಯಾಗುತ್ತಿರುವಂತೆ ಬೇರೆ ಎರಡು ಕಾರಣಗಳ ಪಾಲು ಏರುತ್ತಿದೆ. ಒಂದು ಮದ್ಯ. ವರ್ಷಗಟ್ಟಲೆ ಕುಡಿಯುವವರಲ್ಲಿ ಯಕೃತ್ತಿಗೆ ಕೊಬ್ಬು ಸೇರುವುದು, ಉರಿಯೂತ, ಸಿರೋಸಿಸ್ ಎಂಬ ಮೂರು ಹಂತಗಳು ಒಂದರ ಹಿಂದೊಂದು ಬರುತ್ತವೆ; ಮದ್ಯದ ಬಣ್ಣ, ಬ್ರ್ಯಾಂಡು, ಬೆಲೆ ಯಾವುದೇ ಇರಲಿ, ಯಕೃತ್ತಿಗೆ ಲೆಕ್ಕವಾಗುವುದು ಒಳಹೋದ ಆಲ್ಕೊಹಾಲಿನ ಪ್ರಮಾಣ. ಕುಡಿಯುವವರಿಗೆ ಹೆಪಟೈಟಿಸ್ ಬಿ ಅಥವಾ ಸಿ ಕೂಡ ಇದ್ದರೆ ಹಾನಿ ಹಲವು ಪಟ್ಟಾಗುತ್ತದೆ. ಮೊದಲ ಹಂತದಲ್ಲಿ ಕುಡಿತ ಬಿಟ್ಟರೆ ಯಕೃತ್ತು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ, ಸಿರೋಸಿಸ್ ಆದ ಮೇಲೆ ಬಿಟ್ಟರೂ ಆಯುಸ್ಸು ಹೆಚ್ಚುತ್ತದೆ.

ಮತ್ತೊಂದು, ಕುಡಿಯದವರಲ್ಲೂ ಕಾಣುವ ಫ್ಯಾಟಿ ಲಿವರ್, ಅಂದರೆ ಸ್ಥೂಲಕಾಯ, ಮಧುಮೇಹ, ಅಧಿಕ ಟ್ರೈಗ್ಲಿಸರೈಡುಗಳ ಜೊತೆಗೂಡಿ ಯಕೃತ್ತಿನ ಜೀವಕೋಶಗಳಲ್ಲಿ ಕೊಬ್ಬು ಶೇಖರವಾಗುವ ಸ್ಥಿತಿ. ಬಹುಪಾಲು ಜನರಲ್ಲಿ ಇದು ಅಲ್ಲಿಗೇ ನಿಲ್ಲುತ್ತದೆ. ಕೆಲವರಲ್ಲಿ ಉರಿಯೂತಕ್ಕೂ ಸಿರೋಸಿಸ್‌ಗೂ ತಿರುಗುತ್ತದೆ, ಕೆಲವೊಮ್ಮೆ ಸಿರೋಸಿಸ್‌ಗಿಂತ ಮೊದಲೇ ಕ್ಯಾನ್ಸರ್ ಕಾಣಿಸಿಕೊಳ್ಳುವುದೂ ಉಂಟು. ಹೊಟ್ಟೆನೋವಿಗೆಂದೋ ಪಿತ್ತಕೋಶದ ಕಲ್ಲಿಗೆಂದೋ ಮಾಡಿಸಿದ ಸ್ಕ್ಯಾನಿಂಗ್ ವರದಿಯಲ್ಲಿ ಫ್ಯಾಟಿ ಲಿವರ್ ಎಂಬ ಸಾಲು ಇಂದು ಎಷ್ಟು ಸಾಮಾನ್ಯವಾಗಿದೆಯೆಂದರೆ ಅದನ್ನು ಓದಿ ಯಾರೂ ಬೆಚ್ಚುವುದಿಲ್ಲ. ಮಧುಮೇಹವೂ ಜೊತೆಗಿರುವ ನಡುವಯಸ್ಸಿನವರು ಅಷ್ಟಕ್ಕೇ ಬಿಡದೆ, ಫೈಬ್ರೋಸ್ಕ್ಯಾನ್ ಎಂಬ ನೋವಿಲ್ಲದ ಪರೀಕ್ಷೆಯಿಂದ ಯಕೃತ್ತು ಎಷ್ಟು ಗಡುಸಾಗಿದೆ ಎಂದು ಅಳೆಸಿಕೊಳ್ಳುವುದು ಯುಕ್ತ. ದೇಹದ ತೂಕದಲ್ಲಿ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಸಿದರೆ ಯಕೃತ್ತಿನ ಕೊಬ್ಬೂ ಉರಿಯೂತವೂ ತಗ್ಗುತ್ತವೆ ಎಂಬುದು ದೃಢಪಟ್ಟ ವಿಷಯ.

ಮುಗ್ಗಿದ ಕಾಳಿನ ವಿಷ

ದಾವಣಗೆರೆ ಜಿಲ್ಲೆಯ ಕೃಷಿಗೆ ನೇರವಾಗಿ ಸಂಬಂಧಿಸಿದ ಇನ್ನೊಂದು ಕಾರಣವಿದೆ. ಆಸ್ಪರ್ಜಿಲಸ್ ಫ್ಲೇವಸ್ ಎಂಬ, ಹಸಿರು-ಹಳದಿ ಪುಡಿಯಂತೆ ಕಾಣುವ ಬೂಷ್ಟು ಮೆಕ್ಕೆಜೋಳ ಮತ್ತು ಶೇಂಗಾ ಕಾಳುಗಳ ಮೇಲೆ ಬೆಳೆದಾಗ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಬೆಳಕಿಗೆ ಬಂದ ಈ ವಿಷವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿನಲ್ಲಿ ಇರಿಸಿದೆ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿಯ ಬುಡಕಟ್ಟು ಹಳ್ಳಿಗಳಲ್ಲಿ ಅಕಾಲದ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದವರಲ್ಲಿ ನೂರಕ್ಕೂ ಹೆಚ್ಚು ಮಂದಿ ಕಾಮಾಲೆ, ಜಲೋದರಗಳಿಂದ ತೀರಿಕೊಂಡರು. ಅದು ಒಮ್ಮೆಗೇ ಹೆಚ್ಚು ವಿಷ ಒಳಹೋದುದರ ಫಲ. ಸ್ವಲ್ಪ ಸ್ವಲ್ಪವಾಗಿ ವರ್ಷಾನುಗಟ್ಟಲೆ ಒಳಹೋದರೆ ಅದು ಜೀವಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುವ ಪಿ53 ಎಂಬ ವಂಶವಾಹಿಯನ್ನೇ ಕೆಡಿಸುತ್ತದೆ. ಚೀನದ ಶಾಂಘೈಯಲ್ಲಿ ನಡೆದು 1990ರ ದಶಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಫ್ಲಾಟಾಕ್ಸಿನ್ ಒಂದರಿಂದಲೇ ಕ್ಯಾನ್ಸರ್‌ನ ಅಪಾಯ ಮೂರು ಪಟ್ಟು, ಹೆಪಟೈಟಿಸ್ ಬಿ ಒಂದರಿಂದಲೇ ಏಳು ಪಟ್ಟು, ಎರಡೂ ಕೂಡಿದಾಗ ಸುಮಾರು ಅರವತ್ತು ಪಟ್ಟು ಹೆಚ್ಚಿದ್ದುದು ಕಂಡುಬಂತು.

ಕರ್ನಾಟಕದಲ್ಲಿ ಮೆಕ್ಕೆಜೋಳ ಹೆಚ್ಚಾಗಿ ಬೆಳೆಯುವ ಜಿಲ್ಲೆಗಳಲ್ಲಿ ದಾವಣಗೆರೆ ಒಂದು. ಮುಂಗಾರಿನಲ್ಲಿ ಬಿತ್ತಿದ ಬೆಳೆ ಕೊಯ್ಲಿಗೆ ಬರುವ ಹೊತ್ತಿಗೆ ಹಿಂಗಾರು ಮಳೆಯೂ ಬರುವುದುಂಟು. ಕಣಗಳಲ್ಲಿ, ರಸ್ತೆಯಂಚಿನ ಡಾಂಬರಿನ ಮೇಲೆ ಹರಡಿದ ಕಾಳು ಹಗಲು ಅರ್ಧ ಒಣಗಿ, ಸಂಜೆಯ ಮಳೆಗೆ ಮತ್ತೆ ನೆನೆದು, ತಾಡಪಾಲಿನಡಿ ರಾತ್ರಿಯಿಡೀ ಬೆವರಿ, ಬೆಳಗ್ಗೆ ತೆರೆದಾಗ ಮುಗ್ಗಲು ವಾಸನೆ ಬೀರುವುದು ರೈತರಿಗೆ ಚಿರಪರಿಚಿತ. ಬೂಷ್ಟಿಗೆ ಬೇಕಾದ ತೇವ ಮತ್ತು ಬಿಸುಪು ಎರಡೂ ಆ ತಾಡಪಾಲಿನಡಿ ಒದಗುತ್ತವೆ. ಇಲ್ಲಿನ ಮೆಕ್ಕೆಜೋಳ ಬಹುಪಾಲು ಕೋಳಿ ಮತ್ತು ದನಗಳ ಆಹಾರಕ್ಕೂ ಸ್ಟಾರ್ಚ್ ಕಾರ್ಖಾನೆಗಳಿಗೂ ಹೋಗುವುದರಿಂದ, ಜೋಳದ ರೊಟ್ಟಿ, ರಾಗಿ ಮುದ್ದೆ, ಅನ್ನ ಉಣ್ಣುವ ಈ ಸೀಮೆಯ ಜನರಿಗೆ ಅದರ ಅಪಾಯ ನೇರವಾದುದಲ್ಲ. ಆದರೆ ಬೂಷ್ಟು ಹಿಡಿದ ಮೇವು, ಹಿಂಡಿ ತಿಂದ ಹಸುವಿನ ಹಾಲಿನಲ್ಲಿ ಅಫ್ಲಾಟಾಕ್ಸಿನ್ ಎಂ1 ಎಂಬ ರೂಪದಲ್ಲಿ ವಿಷ ಹಿಂದಿರುಗುತ್ತದೆ. ಮಂಡಕ್ಕಿಗೆ ಬೆರೆಸುವ, ಚಟ್ನಿಪುಡಿಗೆ ಕುಟ್ಟುವ, ಹೋಳಿಗೆಗೆ ಅರೆಯುವ ಶೇಂಗಾದ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಹುರಿದರೂ ಬೇಯಿಸಿದರೂ ಈ ವಿಷ ಪೂರ್ತಿ ನಾಶವಾಗುವುದಿಲ್ಲ. ಮನೆಯಲ್ಲಿ ಆಗಬಹುದಾದ ದೊಡ್ಡ ರಕ್ಷಣೆಯೆಂದರೆ ಸುಕ್ಕುಗಟ್ಟಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ, ಕಹಿಯಾದ ಕಾಳುಗಳನ್ನು ಆರಿಸಿ ಎಸೆಯುವುದು; ವಿಷದ ಬಹುಭಾಗ ಆ ಕೆಲವೇ ಕಾಳುಗಳಲ್ಲಿ ಇರುತ್ತದೆ. ಎಸೆಯಬೇಕಾದ ಅಂಥ ಕಾಳನ್ನೇ ಗಾಣಕ್ಕೆ ಹಾಕಿಸಿದರೆ ಶುದ್ಧೀಕರಿಸದ ಆ ಎಣ್ಣೆಯಲ್ಲೂ ವಿಷ ಉಳಿಯುತ್ತದೆ.

ಕಾಮಾಲೆ ವಾಸಿಯಾಯಿತೆಂಬ ಭ್ರಮೆ

ರೋಗ ತಡವಾಗಿ ಪತ್ತೆಯಾಗುವುದಕ್ಕೆ ಅರಿಶಿನ ಕಾಮಾಲೆಯ ಬಗೆಗಿನ ರೂಢಿಯ ನಂಬಿಕೆಯೂ ಒಂದು ಕಾರಣ. ನೀರು, ಆಹಾರದಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ ಸೋಂಕುಗಳಿಂದ ಬರುವ ಕಾಮಾಲೆ ಬಹುಮಂದಿಯಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಆ ಅವಧಿಯಲ್ಲಿ ಕುಡಿದ ನಾಟಿ ಔಷಧಿಗೆ ಅದರ ಕೀರ್ತಿ ಸಲ್ಲುತ್ತದೆ. ಇದರಿಂದ ಎರಡು ತೊಂದರೆಗಳಿವೆ. ಕಣ್ಣು ಹಳದಿಯಾದುದು ಯಾವ ವೈರಸ್ಸಿನಿಂದ ಎಂಬ ಪರೀಕ್ಷೆಯೇ ನಡೆಯದೆ, ಬಿ ಅಥವಾ ಸಿ ಇದ್ದವರು ವಾಸಿಯಾಯಿತೆಂದು ನಂಬಿ ಮನೆಗೆ ಹೋಗುತ್ತಾರೆ. ಜೊತೆಗೆ, ಸಿರೋಸಿಸ್ ಇರುವವರು ಒಳಗೇನಿದೆಯೆಂದು ಗೊತ್ತಿಲ್ಲದ ಗಿಡಮೂಲಿಕೆ ಅಥವಾ ಭಸ್ಮ ಸೇವಿಸಿದರೆ ಉಳಿದಿರುವ ಅಲ್ಪ ಶಕ್ತಿಯೂ ಕುಸಿಯಬಹುದು. ಕಾಮಾಲೆ ಕಂಡವರು ಯಾವ ಪದ್ಧತಿಯ ಚಿಕಿತ್ಸೆಯನ್ನೇ ನಂಬಲಿ, ಮೊದಲು ರಕ್ತದಲ್ಲಿ ಬಿ ಮತ್ತು ಸಿ ಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯ.

ಪತ್ತೆಯ ದಾರಿ

ಆರಂಭದ ಗಡ್ಡೆ ನೋಯುವುದಿಲ್ಲ. ಬಲಪಕ್ಕೆಯಲ್ಲಿ ಭಾರ ಅಥವಾ ನೋವು, ತೂಕ ಇಳಿಯುವುದು, ಹಸಿವು ಇಲ್ಲದಿರುವುದು, ಹೊಟ್ಟೆಯಲ್ಲಿ ನೀರು ತುಂಬುವುದು, ಕಾಮಾಲೆ, ರಕ್ತವಾಂತಿ ಇವೆಲ್ಲ ಕಾಣಿಸಿಕೊಳ್ಳುವ ಹೊತ್ತಿಗೆ ಗಡ್ಡೆ ದೊಡ್ಡದಾಗಿರುತ್ತದೆ ಅಥವಾ ಯಕೃತ್ತೇ ಸೋತಿರುತ್ತದೆ. ಆದಕಾರಣ ಸಿರೋಸಿಸ್ ಇರುವವರು ಮತ್ತು ಹೆಪಟೈಟಿಸ್ ಬಿ ಇರುವವರಲ್ಲಿ ಹೆಚ್ಚಿನ ಅಪಾಯದವರು ಯಾವ ತೊಂದರೆಯೂ ಇಲ್ಲದಿದ್ದರೂ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮತ್ತು ಆಲ್ಫಾ ಫೀಟೋಪ್ರೋಟೀನ್ ಎಂಬ ರಕ್ತಪರೀಕ್ಷೆ ಮಾಡಿಸಬೇಕೆಂಬುದು ಜಗತ್ತಿನ ಯಕೃತ್ ತಜ್ಞರ ಸಲಹೆ. ಈ ಪ್ರೋಟೀನು ಗರ್ಭಸ್ಥ ಶಿಶುವಿನ ಯಕೃತ್ತಿನಲ್ಲಿ ತಯಾರಾಗಿ ಹುಟ್ಟಿದ ಬಳಿಕ ಬಹುತೇಕ ಮಾಯವಾಗುವಂಥದು. ಕ್ಯಾನ್ಸರ್ ಆದ ಕೆಲವು ಜೀವಕೋಶಗಳು ಅದನ್ನು ಮತ್ತೆ ತಯಾರಿಸತೊಡಗುತ್ತವೆ. ಎಲ್ಲ ಗಡ್ಡೆಗಳೂ ಹಾಗೆ ಮಾಡುವುದಿಲ್ಲವಾದ್ದರಿಂದ ಅದೊಂದನ್ನೇ ನಂಬುವಂತಿಲ್ಲ. ಆರಂಭಿಕ ಗಡ್ಡೆಗಳಲ್ಲಿ ಅಲ್ಟ್ರಾಸೌಂಡ್ ಒಂದೇ ಹಿಡಿಯುವುದು ಅರ್ಧಕ್ಕಿಂತ ಕಡಿಮೆ, ಎರಡೂ ಸೇರಿದರೆ ನೂರಕ್ಕೆ ಅರವತ್ತಕ್ಕೂ ಹೆಚ್ಚು. ಶಾಂಘೈಯಲ್ಲಿ ಸುಮಾರು 18,800 ಮಂದಿಯ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರು ತಿಂಗಳಿಗೊಮ್ಮೆಯ ಈ ತಪಾಸಣೆ ಯಕೃತ್ತಿನ ಕ್ಯಾನ್ಸರ್‌ನ ಸಾವುಗಳನ್ನು ನೂರಕ್ಕೆ 37ರಷ್ಟು ತಗ್ಗಿಸಿತು.

ಅಲ್ಟ್ರಾಸೌಂಡ್‌ನಲ್ಲಿ ಒಂದು ಸೆಂಟಿಮೀಟರಿಗಿಂತ ದೊಡ್ಡ ಗಂಟು ಕಂಡರೆ ಮುಂದಿನದು ಮೂರು ಹಂತಗಳ ಸಿಟಿ ಅಥವಾ ಎಂಆರ್‌ಐ. ತೋಳಿನ ರಕ್ತನಾಳಕ್ಕೆ ಚಿತ್ರದಲ್ಲಿ ಎದ್ದು ಕಾಣುವ ದ್ರವ ಚುಚ್ಚಿ, ಕ್ಷಣಗಳ ಅಂತರದಲ್ಲಿ ಮತ್ತೆ ಮತ್ತೆ ಚಿತ್ರ ತೆಗೆಯುತ್ತಾರೆ. ಯಕೃತ್ತಿಗೆ ರಕ್ತ ಹೆಚ್ಚಾಗಿ ಪೋರ್ಟಲ್ ಅಭಿಧಮನಿಯಿಂದ ಬಂದರೆ, ಗಡ್ಡೆ ತನಗೆ ಬೇಕಾದ ರಕ್ತವನ್ನು ಬಹುತೇಕ ಅಪಧಮನಿಯಿಂದಲೇ ಎಳೆದುಕೊಳ್ಳುತ್ತದೆ. ಹೀಗಾಗಿ ಅಪಧಮನಿಗೆ ದ್ರವ ಮುಟ್ಟಿದ ಮೊದಲ ಹಂತದಲ್ಲಿ ಗಡ್ಡೆ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಕೊನೆಯ ಹಂತದಲ್ಲಿ ಸುತ್ತಲಿನ ಯಕೃತ್ತು ಬೆಳಗಿರುವಾಗ ಗಡ್ಡೆಯಿಂದ ದ್ರವ ಆಗಲೇ ಹರಿದುಹೋಗಿ ಅದು ಕಪ್ಪಾಗಿ ಕಾಣುತ್ತದೆ. ಸಿರೋಸಿಸ್ ಇರುವವರಲ್ಲಿ ಈ ಜೋಡಿ ಲಕ್ಷಣ ಕಂಡರೆ ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿ ಇಲ್ಲದೆಯೇ ರೋಗವನ್ನು ಖಚಿತಪಡಿಸಬಹುದು; ಬೇರೆ ಕ್ಯಾನ್ಸರ್‌ಗಳಲ್ಲಿ ಇಂಥ ಸೌಲಭ್ಯ ವಿರಳ.

ಚಿಕಿತ್ಸೆಯ ಮೆಟ್ಟಿಲುಗಳು

ಈ ಕ್ಯಾನ್ಸರ್‌ನ ಚಿಕಿತ್ಸೆ ನಿರ್ಧರಿಸುವಾಗ ವೈದ್ಯರು ಎರಡು ರೋಗಗಳನ್ನು ಒಟ್ಟಿಗೆ ತೂಗಬೇಕಾಗುತ್ತದೆ: ಗಡ್ಡೆ ಎಷ್ಟು ದೊಡ್ಡದು, ಎಷ್ಟು ಹರಡಿದೆ ಎಂಬುದು ಒಂದು, ಉಳಿದ ಯಕೃತ್ತು ಎಷ್ಟು ಕೆಲಸ ಮಾಡುತ್ತಿದೆ ಎಂಬುದು ಇನ್ನೊಂದು. ಸ್ಪೇನಿನ ಬಾರ್ಸಿಲೋನಾದ ತಜ್ಞರು 1999ರಲ್ಲಿ ರೂಪಿಸಿ ಕಾಲಕಾಲಕ್ಕೆ ಪರಿಷ್ಕರಿಸುತ್ತ ಬಂದಿರುವ ವರ್ಗೀಕರಣವು ಈ ಎರಡನ್ನೂ, ರೋಗಿಯ ಓಡಾಟದ ಶಕ್ತಿಯನ್ನೂ ಸೇರಿಸಿ ಹಂತಗಳನ್ನು ಗೊತ್ತುಮಾಡುತ್ತದೆ.

ಗಡ್ಡೆ ಒಂದೇ ಇದ್ದು ಯಕೃತ್ತು ಗಟ್ಟಿಮುಟ್ಟಾಗಿದ್ದರೆ ಆ ಭಾಗವನ್ನು ಕತ್ತರಿಸಿ ತೆಗೆಯಬಹುದು. ಯಕೃತ್ತಿಗೆ ಮತ್ತೆ ಬೆಳೆಯುವ ಗುಣವಿದ್ದರೂ ಸಿರೋಸಿಸ್ ಆದವರಲ್ಲಿ ಕನಿಷ್ಠ ನೂರಕ್ಕೆ ನಲವತ್ತರಷ್ಟು ಭಾಗ ಉಳಿಸಲೇಬೇಕು. ಉಳಿದ ಭಾಗವೂ ರೋಗಗ್ರಸ್ತವೇ ಆಗಿರುವುದರಿಂದ ಮುಂದಿನ ಐದು ವರ್ಷಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ ಹೊಸ ಗಡ್ಡೆ ಬರುವ ಸಂಭವವಿದೆ. ಎರಡು ಮೂರು ಸೆಂಟಿಮೀಟರಿನೊಳಗಿನ ಗಡ್ಡೆಗೆ ಚರ್ಮದ ಮೂಲಕ ಸೂಜಿ ತೂರಿಸಿ ರೇಡಿಯೋ ತರಂಗ ಅಥವಾ ಮೈಕ್ರೋವೇವ್ ಶಾಖದಿಂದ ಸುಡುವ ವಿಧಾನ ಶಸ್ತ್ರಚಿಕಿತ್ಸೆಗೆ ಸರಿಸಾಟಿಯಾಗಬಲ್ಲದು. ಗಡ್ಡೆಯನ್ನೂ ಅದು ಹುಟ್ಟಿದ ನೆಲೆಯನ್ನೂ ಒಟ್ಟಿಗೆ ತೆಗೆಯುವುದು ಯಕೃತ್ ಕಸಿ. ಐದು ಸೆಂಟಿಮೀಟರಿನೊಳಗಿನ ಒಂದು ಅಥವಾ ಮೂರು ಸೆಂಟಿಮೀಟರಿನೊಳಗಿನ ಮೂರು ಗಡ್ಡೆಗಳವರೆಗೆ ಕಸಿ ಮಾಡಿದರೆ ನಾಲ್ಕು ವರ್ಷಗಳ ನಂತರವೂ ನೂರಕ್ಕೆ 75 ಮಂದಿ ಬದುಕಿರುವುದನ್ನು ಇಟಲಿಯ ಮಿಲಾನಿನಲ್ಲಿ ವಿನ್ಸೆಂಜೊ ಮಜ್ಜಾಫೆರೊ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದರು. ಆ ಅಳತೆ ಇಂದಿಗೂ ಮಿಲಾನ್ ಮಾನದಂಡವೆಂದು ಬಳಕೆಯಲ್ಲಿದೆ. ಭಾರತದಲ್ಲಿ 1994ರ ಅಂಗಾಂಗ ಕಸಿ ಕಾಯ್ದೆಯ ಅಡಿ ಹತ್ತಿರದ ಬಂಧು ತನ್ನ ಯಕೃತ್ತಿನ ಭಾಗವನ್ನು ಕೊಡಬಹುದು. ಮಿದುಳು ನಿಷ್ಕ್ರಿಯಗೊಂಡವರ ಅಂಗದಾನವನ್ನು ಕರ್ನಾಟಕದಲ್ಲಿ ಜೀವಸಾರ್ಥಕತೆ ಸಂಸ್ಥೆ ನಿರ್ವಹಿಸುತ್ತದೆ.

ಗಡ್ಡೆಗಳು ಹಲವಾಗಿದ್ದು ಯಕೃತ್ತಿನೊಳಗೇ ಇದ್ದರೆ, ತೊಡೆಯ ಅಥವಾ ಮುಂಗೈಯ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ ಗಡ್ಡೆಗೆ ರಕ್ತ ಒಯ್ಯುವ ಅಪಧಮನಿಯ ಕವಲಿಗೇ ಕ್ಯಾನ್ಸರ್ ಔಷಧ ಬಿಟ್ಟು, ಆ ಕವಲನ್ನು ಮುಚ್ಚುತ್ತಾರೆ. ಟೇಸ್ ಎಂಬ ಈ ವಿಧಾನದಲ್ಲಿ ಗಡ್ಡೆ ಹಸಿದು ಸಾಯುತ್ತದೆ, ಯಕೃತ್ತು ತನ್ನ ಪೋರ್ಟಲ್ ರಕ್ತದ ಬಲದಿಂದ ಉಳಿಯುತ್ತದೆ. ಇದರಿಂದ ಆಯುಸ್ಸು ಹೆಚ್ಚುವುದನ್ನು 2002ರಲ್ಲಿ ಬಾರ್ಸಿಲೋನಾ ಮತ್ತು ಹಾಂಗ್‌ಕಾಂಗ್‌ನ ಪ್ರಯೋಗಗಳು ತೋರಿಸಿದವು.

ರಕ್ತನಾಳಗಳಿಗೆ ಅಥವಾ ಬೇರೆ ಅಂಗಗಳಿಗೆ ಹರಡಿದ ಕ್ಯಾನ್ಸರ್‌ಗೆ ಔಷಧಗಳೇ ಗತಿ. ಮೊದಲು ಫಲ ಕೊಟ್ಟ ಮಾತ್ರೆ ಸೊರಾಫೆನಿಬ್. 2008ರ ಪ್ರಯೋಗದಲ್ಲಿ ಅದು ಸರಾಸರಿ ಆಯುಸ್ಸನ್ನು ಸುಮಾರು ಎಂಟು ತಿಂಗಳಿಂದ ಹತ್ತೂವರೆ ತಿಂಗಳಿಗೆ ಏರಿಸಿತು. ಭಾರತದಲ್ಲಿ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಬೆಲೆಯಿದ್ದ ಆ ಮಾತ್ರೆಯನ್ನು ಬಡ ರೋಗಿಗಳು ಕೊಳ್ಳುವಂತಿರಲಿಲ್ಲ. 2012ರ ಮಾರ್ಚಿನಲ್ಲಿ ಭಾರತದ ಪೇಟೆಂಟ್ ಮಹಾನಿಯಂತ್ರಕರು ಹೈದರಾಬಾದಿನ ನ್ಯಾಟ್ಕೊ ಸಂಸ್ಥೆಗೆ, ಪೇಟೆಂಟ್ ಹೊಂದಿದವರ ಒಪ್ಪಿಗೆಯಿಲ್ಲದೆಯೂ ತಯಾರಿಸಲು ಬಿಡುವ ಕಡ್ಡಾಯ ಪರವಾನಗಿ ನೀಡಿ, ತಿಂಗಳಿಗೆ 8,880 ರೂಪಾಯಿಗೆ ಮೀರದಂತೆ ಮಾರಲು ಆದೇಶಿಸಿದರು. ದೇಶದ ಇತಿಹಾಸದಲ್ಲಿ ಇಂಥ ಪರವಾನಗಿ ಅದೇ ಮೊದಲು. ಪೇಟೆಂಟ್ ಹೊಂದಿದ್ದ ಬೇಯರ್ ಕಂಪನಿ ಸುಪ್ರೀಂ ಕೋರ್ಟಿನವರೆಗೆ ಹೋರಾಡಿದರೂ 2014ರಲ್ಲಿ ಆದೇಶವೇ ಉಳಿಯಿತು. 2020ರಿಂದೀಚೆಗೆ ದೇಹದ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ವಿರುದ್ಧ ಎಬ್ಬಿಸುವ ಅಟೆಜೊಲಿಜುಮಾಬ್ ಎಂಬ ಚುಚ್ಚುಮದ್ದನ್ನು ಬೆವಾಸಿಜುಮಾಬ್ ಜೊತೆ ಕೊಡುವುದರಿಂದ ಸರಾಸರಿ ಆಯುಸ್ಸು ಹತ್ತೊಂಬತ್ತು ತಿಂಗಳಿಗೆ ಮುಟ್ಟಿದೆ. ಅದರ ವೆಚ್ಚ ಇಂದಿಗೂ ಬಹುಜನರಿಗೆ ನಿಲುಕದ್ದು. ಯಕೃತ್ತು ಸಂಪೂರ್ಣ ಸೋತ ಕೊನೆಯ ಹಂತದಲ್ಲಿ ನೋವು ತಗ್ಗಿಸುವ, ಹೊಟ್ಟೆಯ ನೀರು ತೆಗೆಯುವ, ರೋಗಿಯ ಘನತೆ ಕಾಯುವ ಉಪಶಾಮಕ ಆರೈಕೆಯೇ ಸರಿಯಾದ ಚಿಕಿತ್ಸೆ. ಆಗ ಹೊಲ ಮಾರಿ ಊರೂರು ಅಲೆಯುವುದರಿಂದ ರೋಗಿಗೂ ಮನೆಯವರಿಗೂ ಸಂಕಟವಷ್ಟೇ ಹೆಚ್ಚುತ್ತದೆ.

ಊರೊಳಗೇ ಆಗಬಹುದಾದ ಕೆಲಸ

1965ರಲ್ಲಿ ಆರಂಭವಾದ ಜೆಜೆಎಂ ವೈದ್ಯಕೀಯ ಕಾಲೇಜು ಮತ್ತು ಬಾಪೂಜಿ ಆಸ್ಪತ್ರೆ, ಜಿಲ್ಲಾಸ್ಪತ್ರೆಯಾದ ಚಿಗಟೇರಿ ಆಸ್ಪತ್ರೆ, 2006ರಲ್ಲಿ ಬಂದ ಎಸ್‌.ಎಸ್‌. ವೈದ್ಯಕೀಯ ವಿಜ್ಞಾನ ಸಂಸ್ಥೆ ಇವುಗಳಿಂದ ದಾವಣಗೆರೆ ಮಧ್ಯ ಕರ್ನಾಟಕದ ವೈದ್ಯಕೀಯ ಕೇಂದ್ರವೆನಿಸಿದೆ. ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಕಸಿಯಂಥ ದೊಡ್ಡ ಚಿಕಿತ್ಸೆಗೆ ಬೆಂಗಳೂರಿನ ಹಾದಿ ಹಿಡಿಯಬೇಕಾದವರಿಗೂ ಅಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಮಾರ್ಗದರ್ಶನ, ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ನೆರವು ಇವೆ. ಆದರೂ ಈ ರೋಗದ ಭವಿಷ್ಯ ತೀರ್ಮಾನವಾಗುವುದು ಬೆಂಗಳೂರಿನ ಶಸ್ತ್ರಚಿಕಿತ್ಸಾ ಕೊಠಡಿಗಿಂತ ಬಹಳ ಹಿಂದೆ, ಊರಿನ ಹೆರಿಗೆ ವಾರ್ಡಿನಲ್ಲಿ ಮತ್ತು ರಕ್ತಪರೀಕ್ಷೆಯ ಕೌಂಟರಿನಲ್ಲಿ.

ಲಸಿಕಾ ಕಾರ್ಯಕ್ರಮ ಬಂದ ಮೇಲೆ ಹುಟ್ಟಿದ ಮಕ್ಕಳಿಗೆ ಬಹುಮಟ್ಟಿಗೆ ರಕ್ಷಣೆಯಿದೆ. ಅದಕ್ಕೆ ಮೊದಲು ಹುಟ್ಟಿದವರು, ಅಂದರೆ ಇಂದು ಮನೆ ನಡೆಸುತ್ತಿರುವ, ದುಡಿಯುತ್ತಿರುವ ವಯಸ್ಸಿನ ಬಹುತೇಕ ಎಲ್ಲರೂ ಆ ರಕ್ಷಣೆಯಿಲ್ಲದೆ ಬೆಳೆದವರು. ಅವರಲ್ಲಿ ಪ್ರತಿಯೊಬ್ಬರೂ ಜೀವನದಲ್ಲಿ ಒಮ್ಮೆಯಾದರೂ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಿಕೊಳ್ಳಬೇಕು, ಸೋಂಕಿಲ್ಲದವರು ಲಸಿಕೆ ಹಾಕಿಸಿಕೊಳ್ಳಬೇಕು. ಸೋಂಕಿರುವವರ ಒಡಹುಟ್ಟಿದವರಿಗೂ ಮಕ್ಕಳಿಗೂ ಸಂಗಾತಿಗೂ ಪರೀಕ್ಷೆಯಾಗಬೇಕು. ಸಿರೋಸಿಸ್ ಎಂದು ಗೊತ್ತಾದವರ ಹೆಸರುಗಳನ್ನು ಆಸ್ಪತ್ರೆಗಳು ದಾಖಲಿಸಿಟ್ಟು ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್‌ಗೆ ಕರೆಸುವ ಪದ್ಧತಿ ಗಟ್ಟಿಯಾಗಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಸಂಶೋಧನೆಯಾಗಲಿ ವಿದೇಶದ ಔಷಧವಾಗಲಿ ಬೇಕಿಲ್ಲ. ಎರಡು ಸೆಂಟಿಮೀಟರಿನ ಗಡ್ಡೆಯಿರುವ ವ್ಯಕ್ತಿಗೆ ವೈದ್ಯರು ಗುಣವಾಗುವ ಮಾತು ಆಡಬಲ್ಲರು, ಹತ್ತು ಸೆಂಟಿಮೀಟರಿನ ಗಡ್ಡೆ ಹೊತ್ತು ಬಂದವರಿಗೆ ತಿಂಗಳುಗಳ ಲೆಕ್ಕ ಮಾತ್ರ ಹೇಳಬಲ್ಲರು. ಆ ಅಂತರವನ್ನು ತುಂಬುವ ಪರೀಕ್ಷೆ ಜಿಲ್ಲಾಸ್ಪತ್ರೆಯಲ್ಲೇ ದೊರೆಯುವಾಗ ಅದನ್ನು ಮಾಡಿಸದೆ ಉಳಿಯುವುದಕ್ಕೆ ಕಾರಣವಿಲ್ಲ.